ಕುರಿಹಿಂಡಿನ ಜೊತೆ ನಡೆಯುವ ಮುನ್ನ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಅಳಿಯಂದಿರು ನಮ್ಮನ್ನು ‘ಅಲ್ಪಾಕಾ ನಡಿಗೆ’ಗೆ ಕರೆದೊಯ್ದಿದ್ದರು. ಅಲ್ಪಾಕಾ ಎಂದರೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಪ್ರಾಣಿ. ಒಂಟೆಯ ಕುಲದ್ದು, ಆದರೆ ಡುಬ್ಬವಿಲ್ಲ. ಮೈತುಂಬ ಮೆತ್ತನೆಯ ಉಣ್ಣೆ. ದುಡ್ಡು ಕೊಟ್ಟರೆ ಹಗ್ಗ ಕೈಗೆ ಕೊಡುತ್ತಾರೆ. ಅದರೊಡನೆ ಒಂದು ಗಂಟೆ ಹೊಲದ ಬದಿಯಲ್ಲಿ ನಡೆದು ಬರುವುದು. ಹೊರಡುವ ಮೊದಲು ಅಲ್ಲಿಯ ಹೆಣ್ಣುಮಗಳು ನಿಯಮಗಳನ್ನು ಹೇಳಿದಳು: ತಲೆ ಮುಟ್ಟಬೇಡಿ, ಹಿಂದಿನಿಂದ ಬರಬೇಡಿ, ನಾವು ಕೊಟ್ಟ ಹಿಡಿಯಷ್ಟು ಮೇವನ್ನು ಬಿಟ್ಟು ಬೇರೇನೂ ತಿನ್ನಿಸಬೇಡಿ. ಸಿಟ್ಟು ಬಂದರೆ ಉಗಿಯುತ್ತದೆ ಎಂದೂ ಎಚ್ಚರಿಸಿದಳು. ‘ಕುರಿ ಕಾಯುವುದಕ್ಕೂ ಇಷ್ಟು ಶಾಸ್ತ್ರವೇ!’ ಎಂದು ನಾನು ನಕ್ಕಿದ್ದೆ. ಆ ನಗುವಿಗೆ ಮುಂದೆ ಬೆಲೆ ತೆರಬೇಕಾಯಿತು.

ಕಳೆದ ದೀಪಾವಳಿಗೆ ಮೊಮ್ಮಗ ಖಡಕಿಗೆ ಬಂದಾಗ, ‘ಅಜ್ಜಾ, ಇಲ್ಲಿ ಅಲ್ಪಾಕಾ ಇಲ್ಲೇನು?’ ಎಂದು ಕೇಳಿದ. ಅಲ್ಪಾಕಾ ಇಲ್ಲ, ಆದರೆ ಧನಗರರ ಕುರಿಹಿಂಡುಗಳಿವೆ. ಧನಗರರೆಂದರೆ ನಮ್ಮ ಕಡೆಯ ಹಾಲುಮತದವರ ಹಾಗೆ. ನಮ್ಮ ಬೀರಪ್ಪ ಅವರಿಗೆ ಬಿರೋಬಾ. ನಮ್ಮ ಮೈಲಾರಲಿಂಗ ಅವರಿಗೆ ಜೇಜುರಿಯ ಖಂಡೋಬಾ. ಖಡಕಿ ಎಂದೊಡನೆ ನಮಗೆ ನೆನಪಾಗುವುದು 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ನಡೆದ ಕಾಳಗ, ಮದ್ದುಗುಂಡಿನ ಕಾರ್ಖಾನೆ, ದಂಡು. ಆದರೆ ಮುಳಾ ನದಿಯ ಮೇಲಿನ ಸೇತುವೆಗೆ ಹೋಳ್ಕರರ ಹೆಸರಿದೆಯಲ್ಲ, ಆ ಮನೆತನವನ್ನು ಕಟ್ಟಿದ ಮಲ್ಹಾರರಾಯರು ಧನಗರ ಕುಲದವರೇ ಎಂಬುದನ್ನು ಸೇತುವೆ ದಾಟುವ ನಮ್ಮಲ್ಲಿ ಎಷ್ಟು ಜನ ನೆನೆಯುತ್ತೇವೆ?

ಮಳೆಗಾಲ ಮುಗಿದ ಮೇಲೆ ಬಯಲುಸೀಮೆಯ ಧನಗರರು ಹಿಂಡು ಹೊಡೆದುಕೊಂಡು ಪಶ್ಚಿಮಕ್ಕೆ ಹೊರಡುತ್ತಾರೆ. ಕೆಲವರು ಘಟ್ಟ ಇಳಿದು ಕೊಂಕಣಕ್ಕೂ ಹೋಗಿ, ಮುಂದಿನ ಮಳೆಗೆ ಮುಂಚೆ ತಿರುಗುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಯವನಿಗೆ ಕಾಳು ಇಲ್ಲವೇ ಹಣ. ಕಪ್ಪು ಉಣ್ಣೆಯ ದಖನಿ ಕುರಿ ದೂರ ನಡೆಯುವುದಕ್ಕೂ ಒರಟು ಮೇವಿಗೂ ಒಗ್ಗಿದ ಜಾತಿ. ಅದರ ಉಣ್ಣೆ ಬಿರುಸು. ನಮ್ಮ ಕಂಬಳಿ ಅದರದ್ದೇ. ಗಂಡಸರು ಹಿಂಡಿನ ಹಿಂದೆ ಹೋದರೆ, ಪಾತ್ರೆ ಪರಟೆ, ಕೂಸು, ಕೋಳಿ ಎಲ್ಲವನ್ನೂ ಕುದುರೆಯ ಮೇಲೆ ಹೇರಿ ಬಿಡಾರ ನಡೆಸುವವರು ಹೆಂಗಸರು.

ಪರಿಚಯದ ರೈತರೊಬ್ಬರ ಮೂಲಕ ಕೇಳಿಸಿ, ನಾನೂ ಮೊಮ್ಮಗನೂ ಖಡಕಿಯಲ್ಲಿ ಲೋಣಾವಳಾ ಲೋಕಲ್ ಹಿಡಿದು ತಳೇಗಾಂವದಲ್ಲಿ ಇಳಿದೆವು. ಬಿಡಾರದ ಒಡತಿ ಜತ್ತ ತಾಲೂಕಿನವಳು. ನಮ್ಮ ಮಾತು ಕೇಳಿ, ‘ಕಾಕಾರ, ನೀವು ಕನ್ನಡದವರೇನ್ರಿ?’ ಎಂದು ಚಹಾ ಕಾಸಿದಳು. ನಾಲ್ಕು ತಾಸು ಹಿಂಡಿನ ಜೊತೆ ನಡೆದೆವು. ಹುಡುಗನ ಸಂತೋಷ ಹೇಳತೀರದು.

ಬುತ್ತಿಯ ಜೊತೆ ನಾನು ಎರಡು ಕಿಲೋ ಜೋಳ ಒಯ್ದಿದ್ದೆ. ಬರಿಗೈಯಲ್ಲಿ ಹೋಗಬಾರದಲ್ಲ! ಮಧ್ಯಾಹ್ನ ಹಿಂಡು ನೆರಳಿಗೆ ನಿಂತಾಗ ಮರಿಯಿದ್ದ ಒಂದು ತಾಯಿಕುರಿಯ ಮುಂದೆ ಸುರಿದೆ. ‘ಅಜ್ಜಾ, ಕೇಳದs ತಿನ್ನಸಬಾರದು’ ಎಂದ ಹುಡುಗ. ‘ಏ, ಇದು ನಮ್ಮ ದೇಶದ ಕುರಿ’ ಎಂದೆ. ಕುರಿ ಗಬಗಬನೆ ತಿಂದಿತು. ನನಗೆ ಪುಣ್ಯ ಬಂದಂತಾಯಿತು.

ಮರುದಿನ ಬೆಳಿಗ್ಗೆ ರೈತರ ಫೋನು. ಕುರಿ ಹೊಟ್ಟೆಯುಬ್ಬಿ ಹಲ್ಲು ಕಡಿಯುತ್ತ ಮಲಗಿಬಿಟ್ಟಿದೆ. ನಾನು ಓಡಿದೆ. ಪಶುವೈದ್ಯರು ಸೋಡಾ ನೀರು ಕುಡಿಸಿದರು. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ರಾಶಿ ಕಾಳು ಬಿದ್ದರೆ ಅದು ಒಳಗೇ ಹುಳಿಯಾಗಿ ರಕ್ತಕ್ಕೂ ಏರುತ್ತದೆ ಎಂದು ಅವರು ವಿವರಿಸಿದರು. ಸಂಜೆಗೆ ಕುರಿ ಸತ್ತಿತು. ಮರಿ ಅದರ ಕೆಚ್ಚಲು ಮೂಸುತ್ತ ನಿಂತಿತ್ತು.

ನಾನು ಹಣ ಮುಂದೆ ಚಾಚಿದೆ. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ‘ತಗೋತೀವ್ರಿ ಕಾಕಾರ, ನಮಗೂ ಬಿಡಾಕ ಆಗೂದಿಲ್ಲ. ಆದ್ರ ಒಂದ ಮಾತು ಕೇಳಿದ್ರ ಆಗತಿತ್ತು’ ಎಂದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮರಿಗೆ ಆಡಿನ ಹಾಲು ಹಚ್ಚಿದರು. ಅದು ಬದುಕಿದೆಯೆಂದು ಆಮೇಲೆ ತಿಳಿಯಿತು. ಮೊಮ್ಮಗನಿಗೆ ನಾನೇ ಎಲ್ಲ ಹೇಳಿದೆ. ಅವನು ‘ನಾ ಹೇಳಿದ್ದೆ’ ಎನ್ನಲಿಲ್ಲ. ಸುಮ್ಮನೆ ನನ್ನ ಪಕ್ಕ ಬಂದು ಕುಳಿತ.

ಆದ್ದರಿಂದ, ಹೋಗಬೇಕೆನ್ನುವ ಓದುಗ ಮಿತ್ರರಿಗೆ ಈ ನಾಲ್ಕು ಮಾತು. ಮೊದಲು ಪರಿಚಯದವರ ಮೂಲಕ ಅಪ್ಪಣೆ ಪಡೆಯಿರಿ. ಅದು ಪ್ರದರ್ಶನವಲ್ಲ, ಒಬ್ಬರ ಸಂಸಾರ. ಮುಂಜಾನೆಯೇ ಹೋಗಿ. ಜಾಲಿಮುಳ್ಳು ತಡೆಯುವ ಬೂಟು, ಟೋಪಿ, ಕುಡಿಯುವ ನೀರು ಇರಲಿ. ಹಿಂಡಿನ ನಡುವೆ ನುಗ್ಗದೆ ಬದಿಯಲ್ಲಿ ನಡೆಯಿರಿ. ಒಮ್ಮೆಲೇ ಛತ್ರಿ ಬಿಚ್ಚುವುದು, ಓಡುವುದು, ಸಿಳ್ಳೆ ಹಾಕುವುದು ಬೇಡ. ಒಂದು ಬೆದರಿದರೆ ಎಲ್ಲವೂ ಬೆದರುತ್ತವೆ. ಮುದ್ದೆಂದು ಮರಿಯನ್ನು ಎತ್ತಬೇಡಿ. ನಾಯಿಗಳು ತೋಳನಿಗಾಗಿಯೇ ಸಾಕಿದವು. ಮನೆಯವರು ಜೊತೆಗಿಲ್ಲದೆ ಬಿಡಾರದ ಹತ್ತಿರ ಸುಳಿಯಬೇಡಿ. ನಿಮ್ಮ ಸಾಕುನಾಯಿಯನ್ನು ಮನೆಯಲ್ಲೇ ಬಿಡಿ. ಫೋಟೋಕ್ಕೂ ಕೇಳಿ. ಕೊಡುವುದಿದ್ದರೆ ಚಹಾಪುಡಿ, ಸಕ್ಕರೆ, ಬೆಲ್ಲವನ್ನು ಮನೆಯವರ ಕೈಗೆ ಕೊಡಿ, ಕುರಿಯ ಬಾಯಿಗಲ್ಲ. ಅನ್ನ, ಚಪಾತಿ, ಬ್ರೆಡ್ಡು, ಕಾಳು ಯಾವುದನ್ನೂ ಹಾಕಬೇಡಿ.

ಈ ವರ್ಷವೂ ದೀಪಾವಳಿಗೆ ಆ ಹಿಂಡು ಬಂದರೆ ಹೋಗಬೇಕೆಂದಿದ್ದೇನೆ. ಜೋಳ ಒಯ್ಯುವುದಿಲ್ಲ. ಆ ಮರಿ ಈಗ ಎಷ್ಟು ದೊಡ್ಡದಾಗಿದೆಯೋ, ದೂರದಿಂದ ನೋಡಿ ಬರುವೆ.