ಸೊನ್ನಲಿಗೆಯ ಜಾತ್ರೆಯಲ್ಲೊಂದು ಇರುಳು

ಸಂಕ್ರಮಣದ ಮರುದಿನ ಎಂಟು ವರ್ಷದ ಮೊಮ್ಮಗಳೊಡನೆ ಉಮರ್ಗಾದಿಂದ ಸೊಲ್ಲಾಪುರಕ್ಕೆ ಹೋಗಿದ್ದೆ. 12ನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ನುಡಿದ ಸೊನ್ನಲಿಗೆಯೇ ಈ ಊರು. 68 ಲಿಂಗಗಳಿಗೆ 7 ನಂದಿಕೋಲುಗಳು ಮೆರವಣಿಗೆ ಹೋಗುವ ಈ ಜಾತ್ರೆಗೆ ಜನರ ಬಾಯಲ್ಲಿ 'ಗಡ್ಡಾ' ಎಂದು ಹೆಸರು.

ಕತ್ತಲಾದೊಡನೆ ಹೋಮ್ ಮೈದಾನವು ದೀಪಗಳ ಪೇಟೆಯಾಯಿತು. ಬೆಂಡು-ಬತ್ತಾಸು, ಆಟಿಕೆ, ಬಿಸಿ ಭಜಿಗಳ ಅಂಗಡಿಸಾಲು; ಆಚೆಗೆ ಮುಗಿಲು ಮುಟ್ಟುವ ತೊಟ್ಟಿಲು. ಮರಾಠಿ ಶಾಲೆಯಲ್ಲಿ ಕಲಿಯುವ ಮೊಮ್ಮಗಳು ಫಲಕಗಳನ್ನೆಲ್ಲ ಸರಸರನೆ ಓದುತ್ತ ನಡೆದಳು. ಬಳೆಯ ಅಂಗಡಿಯಲ್ಲಿ ಮರಾಠಿಯಲ್ಲೇ ಬೆಲೆ ಕೇಳಿದಳು. ನಮ್ಮ ಮನೆಮಾತನ್ನು ಕಿವಿಯಲ್ಲಿಟ್ಟಿದ್ದ ಮುದುಕಿ ನಕ್ಕು, "ಯಾವೂರಾಕಿ ಯವ್ವಾ ನೀ?" ಎಂದಳು. ಕೂಸು ನಾಚುತ್ತ ಕನ್ನಡದಲ್ಲಿಯೇ ಉತ್ತರಿಸಿತು. ಮುದುಕಿ ಎರಡು ಬಳೆ ಹೆಚ್ಚಿಗೆ ತೊಡಿಸಿ, "ನನಗ ಓದಾಕ ಬರೂದಿಲ್ಲ. ನೀ ಕನ್ನಡ ಓದತೀಯೇನು?" ಎಂದು ಕೇಳಿದಳು. ಮೊಮ್ಮಗಳು ನನ್ನ ಮುಖ ನೋಡಿದಳು.

ಮೂವತ್ತು ವರ್ಷ ಊರ ಮಕ್ಕಳಿಗೆ ಅಕ್ಷರ ಕಲಿಸಿದ ನಾನು, ಮನೆಯ ಕೂಸಿಗೆ ತಾಯ್ನುಡಿಯ ಒಂದಕ್ಷರವನ್ನೂ ತಿದ್ದಿಸಿರಲಿಲ್ಲ. ದೀಪಗಳ ಬೆಳಕಿನಲ್ಲಿ ತಲೆ ತಗ್ಗಿತು. ಮರಳುವಾಗ ಬಸ್ಸಿನ ಗಾಜಿನ ಧೂಳಿನ ಮೇಲೆ ಅವಳ ಬೆರಳು ಹಿಡಿದು 'ಬಳೆ' ಎಂದು ಬರೆಯಿಸಿದೆ. ಈಗ ದಿನಕ್ಕೊಂದು ಶಬ್ದದಂತೆ ನಮ್ಮ ಪಾಠ ನಡೆದಿದೆ.