ಯಾವ ಭಾಷೆ ವೇಗದ್ದು?

ಕಳೆದ ವರ್ಷ ರಕ್ಷಕ-ಶಿಕ್ಷಕ ಸಭೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ನನ್ನ ಬಳಿಗೆ ಬಂದರು. "ಮಾಷ್ಟ್ರೇ, ಕನ್ನಡದಲ್ಲಿ ಕಲಿತವರು ನಾಳೆ ಕಂಪ್ಯೂಟರ್ ಕಲಿಯುವಾಗ ಹಿಂದೆ ಬೀಳುವುದಿಲ್ಲವೇ? ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸೋಣವೆಂದು ಮನೆಯಲ್ಲಿ ಮಾತಾಗಿದೆ" ಎಂದರು. ನಾನು ಹತ್ತನೆಯವರೆಗೆ ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಓದಿದವನು. ಆದರೂ ತಟ್ಟನೆ ಉತ್ತರ ಹೊಳೆಯಲಿಲ್ಲ. "ಒಂದು ವಾರ ಸಮಯ ಕೊಡಿ" ಎಂದೆ.

ಆ ವಾರ ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೆಯವರು ಪೈಥಾನ್ ಕಲಿಯುತ್ತಿದ್ದರು. "ಪೈಥಾನ್ ನಿಧಾನ, ಸಿ ಭಾಷೆಯೇ ವೇಗ" ಎಂದು ಒಬ್ಬ ಹುಡುಗನ ವಾದ. ಪರೀಕ್ಷಿಸಿಯೇ ನೋಡೋಣವೆಂದು ನಾನೂ ಕುಳಿತೆ. 1ರಿಂದ 100 ಕೋಟಿಯವರೆಗಿನ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಕೂಡಿಸಬೇಕು. ಇದೇ ಪಂದ್ಯ.

ಪೈಥಾನ್ ಕೂಡಿಸತೊಡಗಿತು. ನಾನು ಹಾಜರಿ ಪುಸ್ತಕ ತುಂಬಿ ತಲೆಯೆತ್ತಿದರೂ ಉತ್ತರವಿಲ್ಲ. ನಾನು ಪುಸ್ತಕ ನೋಡಿ ಬರೆದ ಸಿ ಪ್ರೋಗ್ರಾಂ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು! "ಸಿ ಭಾಷೆಗೆ ಸೊನ್ನೆ ಸೆಕೆಂಡು" ಎಂದು ಹಲಗೆಯ ಮೇಲೆ ಬರೆಯುವುದರಲ್ಲಿದ್ದೆ. ಆಗ ಅದೇ ಹುಡುಗಿ ಮೆಲ್ಲನೆ ಕೇಳಿದಳು: "ಸರ್, ಉತ್ತರ ಎಲ್ಲಿದೆ?"

ಉತ್ತರವೇ ಇರಲಿಲ್ಲ. ಮೊತ್ತವನ್ನು ಪರದೆಯ ಮೇಲೆ ತೋರಿಸು ಎಂಬ ಸಾಲನ್ನು ಬರೆಯಲು ನಾನು ಮರೆತಿದ್ದೆ. ಸಿ ಭಾಷೆಯಲ್ಲಿ ಬರೆದುದನ್ನು ಯಂತ್ರದ ಭಾಷೆಗೆ ಮೊದಲೇ ಪೂರ್ತಿಯಾಗಿ ಅನುವಾದಿಸಿಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಅದಕ್ಕೆ ಚುರುಕುಗೊಳಿಸುವ ಆಜ್ಞೆಯನ್ನು ನಾನು ಕೊಟ್ಟಿದ್ದೆ. ಯಾರಿಗೂ ಬೇಡವಾದ ಮೊತ್ತವನ್ನು ಕೂಡಿಸುವುದೇಕೆಂದು ಅದು ಆ ಕೆಲಸವನ್ನೇ ಕೈಬಿಟ್ಟಿತ್ತು. ಮಾಷ್ಟ್ರು ನೋಡದ ಮನೆಪಾಠವನ್ನು ಮಕ್ಕಳು ಬರೆಯದಿರುವಂತೆ! ಎಲ್ಲರೂ ನಕ್ಕೆವು.

ಸಾಲು ಸೇರಿಸಿದ ಮೇಲೆ ಸಿ ನಿಜವಾಗಿ ಕೂಡಿಸಿತು. ಆಗಲೂ ಗೆದ್ದಿತು. ಆದರೆ ಚುರುಕಿನ ಆಜ್ಞೆಯನ್ನು ತೆಗೆದಾಗ ಅದೇ ಸಿ ಪ್ರೋಗ್ರಾಂ ಹಲವು ಪಟ್ಟು ಹೆಚ್ಚು ಹೊತ್ತು ತೆಗೆದುಕೊಂಡಿತು. ಅಂದರೆ ವೇಗವು ಭಾಷೆಯೊಂದರದೇ ಅಲ್ಲ, ಅನುವಾದಕನದೂ ಹೌದು. ಪೈಥಾನಿನ ರೀತಿ ಬೇರೆ. ಸಭೆಯಲ್ಲಿ ಮಲಯಾಳ ಭಾಷಣವನ್ನು ದುಭಾಷಿಯು ವಾಕ್ಯವಾಕ್ಯವಾಗಿ ಕನ್ನಡದಲ್ಲಿ ಹೇಳುವಂತೆ, ಅದು ಒಂದೊಂದೇ ಹೆಜ್ಜೆಯನ್ನು ಆಗಿಂದಾಗ ಬಿಡಿಸಿ ನಡೆಸುತ್ತದೆ. ಹಾಗಾಗಿ ಇಂಥ ಲೆಕ್ಕದಲ್ಲಿ ತಡವಾಗುತ್ತದೆ. ಆದರೆ ಬರೆಯಲು, ತಿದ್ದಲು ಸುಲಭ.

ಅಷ್ಟರಲ್ಲಿ ಆ ಹುಡುಗಿ ಕಾಗದದ ಮೇಲೆ ಏನನ್ನೋ ಬರೆದು ತಂದಳು. "ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿದರೆ 100 ಕೋಟಿ 1. ಅಂಥ ಜೋಡಿಗಳು 50 ಕೋಟಿ. ಗುಣಿಸಿದರೆ ಸಾಕಲ್ಲವೇ ಸರ್?" ಅದನ್ನೇ ಪೈಥಾನಿನಲ್ಲಿ ಬರೆದಾಗ ತತ್‌ಕ್ಷಣ ಉತ್ತರ ಬಂತು. ನಿಧಾನವೆನಿಸಿಕೊಂಡ ಭಾಷೆ, ಒಂದೊಂದಾಗಿ ಕೂಡಿಸುತ್ತಿದ್ದ ಸಿ ಪ್ರೋಗ್ರಾಮನ್ನು ಹಿಂದೆ ಹಾಕಿತ್ತು!

1950ರ ದಶಕದಲ್ಲಿ ಯಂತ್ರದ ಸಂಕೇತಗಳಲ್ಲೇ ಬರೆಯುತ್ತಿದ್ದ ಪರಿಣತರಿಗೂ ಒಂದು ಸಂಶಯವಿತ್ತು: ಅನುವಾದವಾಗಿ ಬಂದದ್ದು ಕೈಯಿಂದ ಬರೆದುದಕ್ಕೆ ಸಾಟಿಯಾದೀತೇ? 1957ರಲ್ಲಿ ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಕಂಪೈಲರನ್ನು ಹೊರತಂದು ಆ ಸಂಶಯವನ್ನು ಬಹುಮಟ್ಟಿಗೆ ನೀಗಿಸಿದರು.

ವಾರದ ಬಳಿಕ ಆ ತಂದೆಗೆ ಇದನ್ನೆಲ್ಲ ಹೇಳಿದೆ. "ಹೋಲಿಸುವುದಾದರೆ ಒಂದೇ ಕೆಲಸ, ಒಂದೇ ಯಂತ್ರ, ಒಂದೇ ಉತ್ತರ ಇರಬೇಕು. ಭಾಷೆಯಿಂದ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳಲಾರೆ. ನಾನು ಕಾಲೇಜಿಗೆ ಹೋದಾಗ ಮೊದಲ ಕೆಲವು ತಿಂಗಳು ಇಂಗ್ಲಿಷ್ ಪದಗಳಿಗಾಗಿ ತಡಕಾಡಿದ್ದೇನೆ. ಆ ಪದಗಳನ್ನು ಇಲ್ಲಿಂದಲೇ ಕಲಿಸುವುದು ನಮ್ಮ ಹೊಣೆ. ಆದರೆ 'ಉತ್ತರ ಎಲ್ಲಿದೆ' ಎಂದು ಕೇಳುವ ಬುದ್ಧಿ ನಿಮ್ಮ ಮಗಳಿಗೆ ಬಂದದ್ದು ಕನ್ನಡದಲ್ಲೇ" ಎಂದೆ. ಅವರು ಏನೂ ಹೇಳದೆ ನಕ್ಕು ಹೊರಟರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಕ್ಕಳೇ, ನೆಲವನ್ನು ದೂರುವ ಮುನ್ನ ಹೆಜ್ಜೆಯನ್ನು ನೋಡಿಕೊಳ್ಳಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹತ್ತನೆಯ ತರಗತಿಯ ಹಾಜರಿ ಕರೆದೆ. ಆ ಹುಡುಗಿಯ ಹೆಸರಿಗೆ "ಹಾಜರ್ ಸರ್" ಎಂಬ ಉತ್ತರ ಬಂತು.