ಫರಸಿ ಗೌಂಡಿಯ ಪರೀಕ್ಷೆ

ಮನೆ ಕಟ್ಟುವವನಿಗೆ ಸಲಹೆ ಕೊಡುವವರ ಬರ ನಮ್ಮ ಮುದನಾಳಕ್ಕೆ ಯಾವತ್ತೂ ಬಂದಿಲ್ಲ. ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎನ್ನುವುದರಲ್ಲಿ ಕಟ್ಟೆಯ ಮೇಲೆ ಕೂತವರೆಲ್ಲ ಪಂಡಿತರೇ. ಬರ ಇರುವುದು ಒಳ್ಳೆಯ ಟೈಲ್ಸ್ ಗೌಂಡಿಗೆ. ಗೋಡೆ ವಾರೆಯಾದರೆ ಪ್ಲಾಸ್ಟರು ಮುಚ್ಚುತ್ತದೆ, ಪ್ಲಾಸ್ಟರು ಕೆಟ್ಟರೆ ಪುಟ್ಟಿ, ಪುಟ್ಟಿ ಕೆಟ್ಟರೆ ಬಣ್ಣ. ಟೈಲ್ಸ್ ಕೆಟ್ಟರೆ ಮುಚ್ಚಲಿಕ್ಕೆ ಚಾಪೆ ಬಿಟ್ಟರೆ ಬೇರೆ ಗತಿಯಿಲ್ಲ. ಬಚ್ಚಲಲ್ಲಿ ಚಾಪೆಯನ್ನೂ ಹಾಸುವಂತಿಲ್ಲ. ಅಡಿಗೆ ಕಾಲು ಇಂಚಿನಷ್ಟು ವಾಟ ಕೊಡದಿದ್ದರೆ ನೀರು ಜಾಲಿಯ ಕಡೆ ಹೋಗುವುದು ಬಿಟ್ಟು ಪಡಸಾಲೆಯ ಕಡೆ ಹೊರಡುತ್ತದೆ. ಆಮೇಲೆ ಮನೆ ಇರುವಷ್ಟು ಕಾಲ, ಸ್ನಾನ ಆದಾಗಲೆಲ್ಲ ಮನೆಯಾಕೆಯ ಬಾಯಲ್ಲಿ ಗೌಂಡಿಯ ನಾಮಸ್ಮರಣೆ ನಡೆಯುತ್ತಲೇ ಇರುತ್ತದೆ.

ಮೊದಲು ನಮ್ಮ ಕಡೆ ನೆಲವೆಂದರೆ ಶಹಾಬಾದ್ ಫರಸಿ. ಭೀಮಾ ಸೀಮೆಯ ಈ ಸುಣ್ಣಕಲ್ಲು ಗಣಿಯಲ್ಲಿ ಪದರ ಪದರವಾಗಿ ಏಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದವನ ಮುಂದೆ ಏಸಿಯ ಮಾತು ಎತ್ತಬಾರದು. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದ ಚಪ್ಪಡಿಗಳೂ ಇಲ್ಲಿಯ ಸುಣ್ಣಕಲ್ಲೇ. ಅಶೋಕನ ಮೂರ್ತಿಯ ಜೊತೆಗೆ ಅವನ ಹೆಸರನ್ನೂ ಬ್ರಾಹ್ಮಿ ಅಕ್ಷರದಲ್ಲಿ ಕೆತ್ತಿಟ್ಟದ್ದು ಆ ಕಲ್ಲಿನ ಮೇಲೆಯೇ. ಕೆತ್ತಿದವನು ಎಷ್ಟನೇ ಇಯತ್ತೆ ಪಾಸಾಗಿದ್ದನೆಂದು ಇವತ್ತಿಗೂ ಯಾರೂ ಕೇಳಿಲ್ಲ.

ಈಗ ಫರಸಿ ಹಿತ್ತಲಿಗೆ ಸರಿದು, ಗುಜರಾತಿನ ಮೋರ್ಬಿಯಿಂದ ಬಂದ ವಿಟ್ರಿಫೈಡ್ ಟೈಲ್ಸು ಪಡಸಾಲೆಯಲ್ಲಿ ಕೂತಿದೆ. ಇದು ನೀರು ಕುಡಿಯದ ಜಾತಿ. ಹಳೆಯ ಗೋಡೆ ಟೈಲ್ಸನ್ನು ಬಕೆಟ್ಟಿನಲ್ಲಿ ನೆನೆಹಾಕಿ ಸಿಮೆಂಟಿಗೆ ಅಂಟಿಸಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ವಿಟ್ರಿಫೈಡ್ ತನ್ನ ತೂಕದ ಅರ್ಧ ಪರ್ಸೆಂಟ್ ನೀರನ್ನೂ ಹೀರುವುದಿಲ್ಲ. ಬರಿ ಸಿಮೆಂಟಿಗೆ ಅದರ ಬೆನ್ನಿನಲ್ಲಿ ಹಿಡಿತವೇ ಸಿಗುವುದಿಲ್ಲ. ಅದಕ್ಕೆಂದೇ ಅಂಟು ಬಂತು, ಆ ಅಂಟಿಗೆ ಐಎಸ್ 15477 ಎಂಬ ಸರಕಾರಿ ಮಾನಕವೂ ಬಂತು. ಅಪ್ಪನ ಕೈ ನೋಡಿ ಕಲಿತ ವಿದ್ಯೆ ಇಲ್ಲಿಗೆ ಅರ್ಧವಾಯಿತು. ಉಳಿದರ್ಧವನ್ನು ಚೀಲದ ಮೇಲಿನ ಸಣ್ಣ ಅಕ್ಷರ ಓದಿಯೇ ಕಲಿಯಬೇಕು.

ನಮ್ಮ ಓಣಿಯ ಗೌಂಡಿಯೊಬ್ಬ ಆ ಉಳಿದರ್ಧವನ್ನು ಕಲಿತದ್ದು ದುಬೈಯಲ್ಲಿ. ಗುಳೆ ಹೋಗುವುದು ನಮ್ಮ ಯಾದಗಿರಿ ಜಿಲ್ಲೆಗೆ ಹೊಸದಲ್ಲ. 1871ರಲ್ಲಿ ಮುಂಬಯಿಯ ರೈಲು ರಾಯಚೂರು ಮುಟ್ಟಿತು. ಆ ಹಾದಿಯ ಮೇಲೆ ಕೂತ ಯಾದಗಿರಿ ಸ್ಟೇಷನ್ನು ಅತ್ತ ಮುಂಬಯಿ ಪುಣೆಗೆ, ಇತ್ತ ಬೆಂಗಳೂರಿಗೆ ನಮ್ಮ ಮಂದಿಯನ್ನು ಹತ್ತಿಸಿ ಕಳಿಸುತ್ತಲೇ ಇದೆ. ನಮ್ಮವರು ಬೆಂಗಳೂರಿಗೆ ಗಾರೆ ಕಲಸಲು ಹೋದರೆ, ನಮ್ಮೂರಿನ ಮಾರ್ಬಲ್ ಕೆಲಸಕ್ಕೆ ರಾಜಸ್ಥಾನದವರು ಬರುತ್ತಾರೆ. ನಡುವೆ ಗೆದ್ದವರು ಯಾರು? ರೈಲ್ವೆಯವರು. ಇವನು ಮಾತ್ರ ರೈಲು ಬಿಟ್ಟು ವಿಮಾನವನ್ನೇ ಹತ್ತಿದ. ಹತ್ತನೇ ಪಾಸಾಗದ ಕಾರಣ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಬಿದ್ದಿತ್ತು. ಅಂಥವರು ಕೊಲ್ಲಿ ದೇಶಕ್ಕೆ ದುಡಿಯಲು ಹೋಗಬೇಕಾದರೆ ಸರಕಾರದ ಒಪ್ಪಿಗೆ ಬೇಕು. ಅದನ್ನೂ ಪಡೆದು ಹೋದ.

ಅಲ್ಲಿಯ ಕಥೆ ಕೇಳುವುದೇ ಚಂದ. ಆಳೆತ್ತರಕ್ಕಿಂತ ದೊಡ್ಡ ಟೈಲ್ಸನ್ನು ಗಾಜು ಎತ್ತುವ ರಬ್ಬರ್ ಕಪ್ಪಿನಿಂದ ಎತ್ತುವುದು, ಹಲ್ಲಿನ ಕರಣಿಯಿಂದ ಅಂಟನ್ನು ಗೆರೆ ಗೆರೆಯಾಗಿ ಎಳೆಯುವುದು, ಲೇಸರ್ ಹಚ್ಚಿ ಮಟ್ಟ ನೋಡುವುದು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾಯಿದೆ ಅಲ್ಲಿದೆಯಂತೆ. “ನಮ್ಮ ಯಾದಗಿರಿ ಬಿಸಿಲಿಗೆ ಅಂಥಾ ಕಾಯಿದೆ ಯಾಕಿಲ್ಲ ಕಾಕಾ?” ಎಂದು ನನ್ನನ್ನು ಕೇಳಿದ. ಕಾಯಿದೆ ಮಾಡುವವರಿಗೆ ಏಸಿ ಇದೆಯಪ್ಪಾ ಎಂದೆ.

2020ರಲ್ಲಿ ಕೊರೊನಾ ಎಲ್ಲರನ್ನೂ ಊರಿಗೆ ಅಟ್ಟಿತು. ವಿದೇಶದಿಂದ ವಾಪಸಾದವರ ಕೌಶಲವನ್ನು ಬರೆದುಕೊಳ್ಳಲು ಕೇಂದ್ರ ಸರಕಾರ ಆ ಜೂನಿನಲ್ಲಿ ‘ಸ್ವದೇಸ್’ ಎಂಬ ದಾಖಲೆ ಶುರುಮಾಡಿತು. ಇವನೂ ಫಾರಂ ತುಂಬಿದ. ಆಮೇಲೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಎಂಬುದಿದೆ ಎಂದು ಗೊತ್ತಾಯಿತು. ಶಾಲೆ ಕಲಿಯದೆ ಕಸುಬು ಕಲಿತವನಿಗೆ ಕೆಲವು ತಾಸಿನ ಪಾಠ ಹೇಳಿ, ಕೈಕೆಲಸ ನೋಡಿ, ಪ್ರಶ್ನೆ ಕೇಳಿ ಪ್ರಮಾಣಪತ್ರ ಕೊಡುವ ಏರ್ಪಾಟು. ಅದರಲ್ಲಿ ಇವನ ಕಸುಬಿಗೆ ‘ಮೇಸನ್ ಟೈಲಿಂಗ್’ ಎಂದು ಹೆಸರು, ನಾಲ್ಕನೇ ಮಟ್ಟ. ದುಬೈಯಲ್ಲಿ ಹಿರಿಯ ಗೌಂಡಿಯಾಗಿದ್ದವನು ಸ್ವಂತ ಜಿಲ್ಲೆಯಲ್ಲಿ ಹೊಸಬನಾಗಿ ಸಾಲಿನಲ್ಲಿ ನಿಂತ.

ಪರೀಕ್ಷೆಯಲ್ಲಿ ಲೇಸರ್ ಇರಲಿಲ್ಲ. ದಾರ, ಲೆವಲ್ ಪೈಪು, ಗುಣ್ಯಾ ಇಷ್ಟೇ. “ಒಂದು ಗಳಿಗಿ ಕೈ ಕಟ್ಟಿದಂಗ ಆಯ್ತು ಕಾಕಾ,” ಎಂದ. ಆಮೇಲೆ ಅಪ್ಪ ಕಲಿಸಿದ್ದು ನೆನಪಿಗೆ ಬಂತಂತೆ. ಒಂದು ಗೋಡೆಗುಂಟ ಮೂರಡಿ ಗುರುತು, ಇನ್ನೊಂದಕ್ಕೆ ನಾಲ್ಕಡಿ. ನಡುವಿನ ದಾರ ಸರಿಯಾಗಿ ಐದಡಿ ಬಂದರೆ ಮೂಲೆ ಗುಣ್ಯಾದಲ್ಲಿದೆ. ಹಾಕಿ ಮುಗಿಸಿದ ಮೇಲೆ ಪರೀಕ್ಷಕ ಕಿಸೆಯಿಂದ ಐದು ರೂಪಾಯಿ ನಾಣ್ಯ ತೆಗೆದು ಪ್ರತಿ ಟೈಲ್ಸಿನ ನಾಲ್ಕೂ ಮೂಲೆ ಬಡಿದ. ಅಡಿಯಲ್ಲಿ ಅಂಟು ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಟೊಳ್ಳು. ಒಂದೂ ಟೊಳ್ಳು ಬರಲಿಲ್ಲ. ಪಾಸು.

ಆ ಪತ್ರ ಚೌಕಟ್ಟು ಹಾಕಿಸಿಕೊಂಡು ಗೋಡೆಗೆ ಏರಿತು. ಅಷ್ಟರಲ್ಲಿ ಅವನ ಅಳಿಯ ಮೊಬೈಲು ಹಿಡಿದು ಬಂದ: “ಮಾಮಾ, ಕೆನಡಾದಾಗ ಟೈಲ್ಸಿನವರಿಗೆ ಭಾಳ ಡಿಮ್ಯಾಂಡ್ ಅದ!” ಇರಬಹುದು. ಆದರೆ ಅಲ್ಲಿ ನಾಣ್ಯ ಬಡಿಯುವ ಮೊದಲು ಕಾಗದ ಬಡಿದು ನೋಡುತ್ತಾರೆ. ಟೈಲ್ಸ್ ಕಸುಬಿಗೆ ಅಲ್ಲಿ ‘ರೆಡ್ ಸೀಲ್’ ಎಂಬ ದೇಶವ್ಯಾಪಿ ಮುದ್ರೆ ಇದೆ. ಹೊರದೇಶದಲ್ಲಿ ದುಡಿದವನು ಮತ್ತೆ ಶಿಷ್ಯವೃತ್ತಿಗೆ ಕೂರದೆ ನೇರವಾಗಿ ಪರೀಕ್ಷೆಗೆ ಕೂರಬಹುದು. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಆದರೆ ಕೂರುವ ಮುಂಚೆ ಎಷ್ಟು ತಾಸು ದುಡಿದೆ, ಏನೇನು ಕೆಲಸ ಮಾಡಿದೆ ಎನ್ನುವುದಕ್ಕೆ ಹಳೆಯ ಮಾಲೀಕರ ಪತ್ರ ತೋರಿಸಬೇಕು. ಹಲವು ಪ್ರಾಂತ್ಯಗಳು ಕೇಳುವುದು ಅಲ್ಲಿಯ ಶಿಷ್ಯವೃತ್ತಿಯ ಒಂದೂವರೆ ಪಟ್ಟು ತಾಸು.

ಇವನು ಟ್ರಂಕು ತೆಗೆದು ದುಬೈಯ ಪತ್ರ ತಂದು ತೋರಿಸಿದ. ದಪ್ಪ ಕಾಗದ, ನೀಲಿ ಶಿಕ್ಕಾ, ಎಲ್ಲ ಇತ್ತು. ಹುದ್ದೆ ಎಂಬಲ್ಲಿ ‘ಲೇಬರ್’ ಎಂದು ಬರೆದಿತ್ತು. ವೀಸಾದಲ್ಲಿ ಏನಿತ್ತೋ ಅದೇ ಪತ್ರಕ್ಕೂ ಇಳಿದಿತ್ತು. ಅಷ್ಟು ವರ್ಷ ಹಾಕಿದ ಟೈಲ್ಸೆಲ್ಲ ದುಬೈಯ ಗೋಪುರಗಳಲ್ಲಿ ಭದ್ರವಾಗಿ ಕೂತಿವೆ. ಹಾಕಿದವನು ಕಾಗದದಲ್ಲಿ ಮಣ್ಣು ಹೊರುವವನು.

ಇಲ್ಲಿ ನನಗೆ ಸುರಪುರದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೆನಪಾಗುತ್ತಾನೆ. ಹದಿನೈದರ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಬಂದು ವ್ಯಾಪಾರಿಯೊಬ್ಬನ ಹತ್ತಿರ ನಿಂತ. ಆಮೇಲೆ ನಿಜಾಮನ ಪಡೆ ಸೇರಿದ. ಮೋಜಣಿ, ಕಟ್ಟಡ, ಕಾನೂನು ಎಲ್ಲವನ್ನೂ ತಾನೇ ಕಲಿತು 1841ರಲ್ಲಿ ಸುರಪುರಕ್ಕೆ ಬಂದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನೇ ಕಟ್ಟಿಸಿದ್ದು. ಅವನಿಗೆ ಹುದ್ದೆ ಕೊಡುವಾಗ ಯಾರೂ ತಾಸಿನ ಲೆಕ್ಕ ಕೇಳಲಿಲ್ಲ. ಸಾಹೇಬನಾಗಿ ಹುಟ್ಟುವುದೂ ಆಗ ಒಂದು ಸರ್ಟಿಫಿಕೇಟೇ.

ಹಾಗಾದರೆ ಸರ್ಟಿಫಿಕೇಟು ಬರಿ ನಾಟಕವೇ? ಜರ್ಮನಿಯವರು ಹಾಗೆಂದುಕೊಂಡು ನೋಡಿದರು. ಅಲ್ಲಿ ಸ್ವಂತ ಧಂದೆ ಇಡಬೇಕಾದರೆ ‘ಮೈಸ್ಟರ್’ ಪರೀಕ್ಷೆ ಆಗಿರಬೇಕಿತ್ತು. 2004ರಲ್ಲಿ 53 ಕಸುಬುಗಳಿಗೆ ಆ ಕಟ್ಟಳೆ ತೆಗೆದರು, ಟೈಲ್ಸೂ ಅದರಲ್ಲಿತ್ತು. ಒಬ್ಬಂಟಿ ಗುತ್ತಿಗೆದಾರರು ನಾಯಿಕೊಡೆಗಳಂತೆ ಎದ್ದರು, ಹುಡುಗರಿಗೆ ಕಸುಬು ಕಲಿಸುವವರು ಕಡಿಮೆಯಾದರು. 2020ರ ಫೆಬ್ರವರಿಯಲ್ಲಿ 12 ಕಸುಬುಗಳಿಗೆ ಕಟ್ಟಳೆ ವಾಪಸ್ ತಂದರು. ಅದರಲ್ಲೂ ಟೈಲ್ಸ್ ಇತ್ತು. ಆದ್ದರಿಂದ ಪರೀಕ್ಷೆಯನ್ನು ನಾನು ಹಳಿಯುವುದಿಲ್ಲ. ಆದರೆ ಯಾವ ಪರೀಕ್ಷೆಯೂ ಎಲ್ಲ ನೆಲವನ್ನೂ ಬಲ್ಲದ್ದಲ್ಲ. ನಮ್ಮದು ಯರಿ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಯರಿ ಮಣ್ಣು ತೆಗೆದು ಮೊರಂ ತುಂಬಿ ದಮ್ಮಸು ಮಾಡದೆ ಮೇಲೆ ದುಬೈಯ ಟೈಲ್ಸನ್ನೇ ಹಾಕಿದರೂ ಎರಡನೇ ಮಳೆಗಾಲಕ್ಕೆ ಏಳುತ್ತದೆ. ಇದನ್ನು ದುಬೈ ಕಲಿಸಲಿಲ್ಲ, ಕೆನಡಾ ಕೇಳುವುದಿಲ್ಲ. ಅವನಿಗೆ ಗೊತ್ತಿದೆ.

ಕೆನಡಾದ ಮಾತು ಸದ್ಯ ನಿಂತಿದೆ. ಈಗ ಅವನು ಓಡಾಡುತ್ತಿರುವುದು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ. ಕಾಯಿದೆಯ ಪ್ರಕಾರ 18ರಿಂದ 60 ವಯಸ್ಸಿನೊಳಗಿನವನು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಟೈಲ್ಸಿನವನ ಕೆಲಸ ಒಂದು ಮನೆಯಲ್ಲಿ ಹದಿನೈದು ಇಪ್ಪತ್ತು ದಿನಕ್ಕೆ ಮುಗಿಯುತ್ತದೆ. ತೊಂಬತ್ತು ತುಂಬಬೇಕಾದರೆ ನಾಲ್ಕೈದು ಮನೆಯವರ ಸಾಕ್ಷಿ ಬೇಕು. ಮನೆಯವರು ಗೃಹಪ್ರವೇಶದ ದಿನ ಟವೆಲ್ಲು ಕಾಯಿ ಕೊಟ್ಟು ಆಯೇರಿ ಮಾಡುತ್ತಾರೆ, ಸಹಿ ಕೇಳಿದರೆ ಮಾತ್ರ ಆಸ್ತಿ ಬರೆದುಕೊಡುವವರಂತೆ ಹಿಂದೆ ಮುಂದೆ ನೋಡುತ್ತಾರೆ.

ಹೊರಗೆ ಹೋಗುವ ತಮ್ಮಂದಿರಿಗೆ ನನ್ನದು ಇಷ್ಟೇ ಮಾತು: ಕಂಪನಿ ಬಿಡುವ ದಿನ ಹುದ್ದೆ, ತಾರೀಕು, ಮಾಡಿದ ಕೆಲಸ ಬಿಡಿಸಿ ಬರೆದ ಪತ್ರ ಇಸಿದುಕೊಳ್ಳದೆ ವಿಮಾನ ಹತ್ತಬೇಡಿ, ‘ಲೇಬರ್’ ಎಂದಿದ್ದರೆ ಅಲ್ಲಿಯೇ ತಿದ್ದಿಸಿ. ಮನೆ ಕಟ್ಟಿಸುವವರಿಗೂ ಒಂದು: ಆಯೇರಿಯ ಜೊತೆಗೆ, ಇಂಥವನು ಇಂಥ ತಾರೀಕಿನಿಂದ ಇಂಥ ತಾರೀಕಿನ ತನಕ ನಮ್ಮ ಮನೆಗೆ ಟೈಲ್ಸ್ ಹಾಕಿದ್ದಾನೆ ಎಂದು ಬರೆದು, ಸಹಿ ಮಾಡಿ, ಫೋನ್ ನಂಬರು ಹಾಕಿ ಕೊಡಿ. ಖರ್ಚು ಒಂದು ಹಾಳೆ.